ಲಕ್ಷ್ಮಕ್ಕ ಗೆದ್ದ ಶೀಲ್ಡು

"ಈ ಓಬಳೇಶನ ತಲೇಲಿ ಇರೋದೂ ನಾರಿನ ಪುಡೀನೇ" ಎಂದು ಊರಿನ ಮುಂದೆ ಮೈಕಿನಲ್ಲಿ ಕೂಗಿದ ರೇವಣಸಿದ್ದಯ್ಯನವರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಹತ್ತು ವರ್ಷವಾಯಿತು. ಎದುರು ಸಿಕ್ಕರೆ ಹಿರಿಯರೆಂದು ಕೈ ಮುಗಿಯುತ್ತೇನೆ, ಒಳಗೆ ಕುದಿಯುತ್ತಲೇ ಇರುತ್ತದೆ. ಇರಲಿ, ಹೇಳಬೇಕಾದ್ದು ಲಕ್ಷ್ಮಕ್ಕನ ವಿಷಯ. ಅದಕ್ಕೂ ಆ ಪುಡಿಯಿಂದಲೇ ಶುರು ಮಾಡಬೇಕು.

ಕಿಬ್ಬನಹಳ್ಳಿಯಿಂದ ಸ್ವಲ್ಪ ಒಳಕ್ಕೆ ನಮ್ಮೂರು. ಲಕ್ಷ್ಮಕ್ಕ ನನ್ನ ಪಕ್ಕದ ಮನೆಯವಳು. ಮದುವೆಯಾಗಿ ಬಂದಾಗಿನಿಂದ ಜಗುಲಿಯ ಮೇಲೆ ಕೂತು ತೆಂಗಿನ ನಾರಿನ ಹಗ್ಗ ಹೊಸೆದವಳು. ಅರವತ್ತರ ಹೊತ್ತಿಗೆ ಮೈಗೆ ಸಕ್ಕರೆ ಕಾಯಿಲೆ, ಮಂಡಿಗೆ ನೋವು, ಎರಡೂ ಜೊತೆಯಲ್ಲೇ ಬಂದವು. ತಿಪಟೂರಿನ ಡಾಕ್ಟರು, "ದಿನಾ ನಡೀಬೇಕು ಕಣಮ್ಮ, ಇಲ್ಲಾಂದ್ರೆ ಬರೋ ವರ್ಷ ಮಂಚ ಹಿಡೀತೀಯ" ಅಂದುಬಿಟ್ಟರು. ಮಂಚ ಹಿಡಿದರೆ ಶೆಟ್ಟಿಕೆರೆಯ ಮಗಳ ಮನೆಗೆ ಬಸ್ಸು ಹತ್ತುವುದು ಹೇಗೆ ಎಂಬುದೇ ಅವಳ ಚಿಂತೆ. ಟಾರು ರಸ್ತೆಯಲ್ಲಿ ನಾಲ್ಕು ಹೆಜ್ಜೆ ಹಾಕಿದರೆ ಮಂಡಿ ಚುಚ್ಚುತ್ತಿತ್ತು. ತೋಟದ ಸಾಲಿನಲ್ಲಿ ಬರೀ ಹೆಂಟೆ, ಮುಳ್ಳು.

"ಎಲ್ಲಿ ನಡೀಲೋ ಓಬಳೇಶ? ಗಾಳೀಲಾ?" ಎಂದು ನನ್ನನ್ನೇ ಬೈಯುತ್ತಿದ್ದಳು.

ತೊಂಬತ್ತೆಂಟರ ಬೇಸಿಗೆಯಲ್ಲಿ ನಮ್ಮೂರಿಗೆ ರಾಜ್ಯಮಟ್ಟದ ಕಬಡ್ಡಿ ಬಂತು. ಊರಿನ ಸಂಘಕ್ಕೆ ರೇವಣಸಿದ್ದಯ್ಯನವರೇ ಅಧ್ಯಕ್ಷರು. "ದೊಡ್ಡ ಆಟಗಾರರನ್ನು ಕಣ್ಣಾರೆ ನೋಡಿದರೆ ಊರಿನ ಆರೋಗ್ಯವೇ ಸುಧಾರಿಸುತ್ತದೆ" ಎಂದು ಭಾಷಣ ಬಿಗಿದರು. ಮೈದಾನಕ್ಕೆ ಮಣ್ಣು ತರಿಸುವ ಬದಲು, "ನಾರಿನ ಪುಡಿ ಬೆಟ್ಟದಂಗೆ ಬಿದ್ದೈತಲ್ಲ, ಹಾಸಿಗೆ ಇದ್ದಂಗಿರ್ತೈತೆ, ಅದನ್ನೇ ಹೊಡಿ ಕಣ್ಲಾ ಓಬಳೇಶ" ಎಂದವರೂ ಅವರೇ. ಮಟ್ಟೆಯಿಂದ ನಾರು ತೆಗೆದ ಮೇಲೆ ಉಳಿಯುವ ಕಂದು ಪುಡಿ ಅದು. ಆಡುವ ಜಾಗಕ್ಕೂ ಹಾಕಿಸಿದರು, ಜನ ಕೂರಲೆಂದು ಮೈದಾನದ ಸುತ್ತಲೂ ಹಾಕಿಸಿದರು. ನನ್ನ ಟ್ರ್ಯಾಕ್ಟರಿಗೆ ಪುರುಸೊತ್ತೇ ಇರಲಿಲ್ಲ.

ಮೊದಲ ದಿನ ಸ್ವರ್ಗ. ಆಟಗಾರರು ಎಷ್ಟು ಬಿದ್ದರೂ ಮೈ ತರಚಲಿಲ್ಲ. ಒಬ್ಬೊಬ್ಬರ ತೊಡೆಯೂ ತೆಂಗಿನ ಮರದ ಬುಡದ ಹಾಗಿತ್ತು. ನಾವೂ ಆರೋಗ್ಯ ಸುಧಾರಿಸಲಿ ಎಂದು ಕೂತಲ್ಲೇ ಬೋಂಡ ತಿಂದೆವು, ಕಡಲೆಕಾಯಿ ತಿಂದೆವು, ಮತ್ತೆ ಬೋಂಡ ತಿಂದೆವು. ಬೆವರಿದವರು ಅವರು, ಹೊಟ್ಟೆ ಕೆಟ್ಟಿದ್ದು ನಮಗೆ.

ಅವತ್ತು ರಾತ್ರಿ ಭರಣಿ ಮಳೆ ಹುಯ್ಯಿತು. ನಾರಿನ ಪುಡಿ ಹೇಗೆ ನೀರು ಕುಡಿಯುತ್ತದೆ ಎಂದು ನಮ್ಮ ಸೀಮೆಯಲ್ಲಿ ಸಸಿ ನೆಡುವವರಿಗೆಲ್ಲ ಗೊತ್ತು. ಆದರೂ ಒಬ್ಬರಿಗೂ ಹೊಳೆಯಲಿಲ್ಲ. ಬೆಳಿಗ್ಗೆ ಫೈನಲ್ಲು. ಮೊದಲು ರೈಡಿಗೆ ಬಂದವನು ಕಾಲಿಟ್ಟಿದ್ದೇ ಪಚಕ್ ಎಂದು ನೀರು ಚಿಮ್ಮಿತು. ಅವನು ಜಾರಿಕೊಂಡು ಬಂದು ಅಧ್ಯಕ್ಷರ ಕುರ್ಚಿಗೇ ಹೊಡೆದ. ಕುರ್ಚಿ, ಶಾಲು, ಅಧ್ಯಕ್ಷರು, ಮೂರೂ ಅಂಗಾತ! ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಟ ಅಲ್ಲಿಗೇ ನಿಂತಿತು. ಗೆದ್ದವರಿಗೆ ಕೊಡಬೇಕಿದ್ದ ದೊಡ್ಡ ಶೀಲ್ಡು ಅಧ್ಯಕ್ಷರ ಮನೆಗೆ ವಾಪಸ್ಸಾಯಿತು. ಅವರು ಮೈಕು ಹಿಡಿದು ನನಗೆ ಆ ಮಾತು ಅಂದದ್ದು ಆಗಲೇ. ನಾನೂ ಕುರ್ಚಿ ಎತ್ತಿದ್ದೆ. ಟೈಲರ್ ಇನಾಯತುಲ್ಲಾ ಹಿಂದಿನಿಂದ ಸೊಂಟ ಹಿಡಿದುಕೊಂಡ. ಇಲ್ಲದಿದ್ದರೆ ಯಾರ ತಲೆಯಲ್ಲಿ ಏನಿದೆ ಎಂದು ಊರೇ ನೋಡುತ್ತಿತ್ತು.

ಬಿಸಿಲು ಬಂತು, ಪುಡಿ ಆರಿತು. ಒಂದು ದಿನ ಲಕ್ಷ್ಮಕ್ಕ ತಪ್ಪಿಸಿಕೊಂಡ ಕೋಳಿ ಹುಡುಕುತ್ತಾ ಮೈದಾನ ಸುತ್ತಿದಳು. ಕೋಳಿ ಸಿಗಲಿಲ್ಲ. ಇಷ್ಟು ನಡೆದರೂ ಮಂಡಿ ನೋಯಲಿಲ್ಲವಲ್ಲ ಎಂದು ಆಮೇಲೆ ಹೊಳೆಯಿತಂತೆ. ನೇರ ನನ್ನ ಬಾಗಿಲಿಗೆ ಬಂದಳು.

"ಹತ್ತಿ ಮೇಲೆ ನಡೆದಂಗೈತೆ ಕಣ್ಲಾ. ಬೈದೋರು ಬೈಲಿ ಬುಡು, ನೀನು ಒಳ್ಳೇದೇ ಮಾಡ್ದೆ."

ಆ ಪುಡಿಗೆ ನನಗೆ ಸಿಕ್ಕ ಒಂದೇ ಒಂದು ಒಳ್ಳೇ ಮಾತು ಅದು. ಅಂದಿನಿಂದ ಮಳೆ ಬಂದಾಗ ಬಿಟ್ಟರೆ ದಿನಾ ನಡೆದಳು. ಇನಾಯತುಲ್ಲಾನ ಹೆಂಡತಿ ಹಸೀನಾ ಬೇಗಂ ಜೊತೆಗೂಡಿದಳು, ಆಮೇಲೆ ಇನ್ನಷ್ಟು ಹೆಂಗಸರು. ಡಾಕ್ಟರೇ ಬೆರಗಾಗಿ, "ಸಕ್ಕರೆ ಇಳಿದೈತಲ್ಲ, ಏನಮ್ಮ ಮಾಡ್ದೆ?" ಎಂದರಂತೆ. "ಕೋಳಿ ಹುಡುಕ್ದೆ ಸ್ವಾಮಿ" ಎಂದಳಂತೆ.

ಅಷ್ಟರಲ್ಲಿ ಸಂಘದ ತೀರ್ಮಾನ ಹೊರಬಿತ್ತು. ಪುಡಿ ತೆಗೆಸಿ, ಮುಂದಿನ ವರ್ಷದ ಪಂದ್ಯಕ್ಕೆಂದು ಮೈದಾನಕ್ಕೆ ಬೇಲಿ ಹಾಕಿ ಬೀಗ ಜಡಿಯುವುದು! ಲಕ್ಷ್ಮಕ್ಕ ಅಧ್ಯಕ್ಷರನ್ನು ಮೈದಾನದಲ್ಲೇ ಅಡ್ಡಗಟ್ಟಿದಳು. ನಾನು ಮುಷ್ಟಿ ಬಿಗಿದು ಹಿಂದೆ ನಿಂತೆ.

"ಬೀಗ ಹಾಕಿದ್ರೆ ನಾವೆಲ್ಲಿ ನಡೀಬೇಕು ಅಯ್ಯನೋರೇ?"

"ಇದು ಆಟಗಾರರ ಜಾಗ ಕಣಮ್ಮ. ನಾನೂ ಒಂದು ಕಾಲ್ದಲ್ಲಿ ಕಬಡ್ಡಿ ಕ್ಯಾಪ್ಟನ್ನು, ಗೊತ್ತಾ?"

"ಹಂಗಾದ್ರೆ ಬನ್ನಿ, ಮೂರು ಸುತ್ತು ನಡಿಯಾನ. ನೀವು ಗೆದ್ರೆ ಈ ಪುಡೀನ ಮಂಕರೀಲಿ ನಾನೇ ಹೊತ್ತು ಹಾಕ್ತೀನಿ. ನಾನು ಗೆದ್ರೆ ಬೀಗ ಇಲ್ಲ."

ಹಸೀನಾ ಬೇಗಂ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಅದು ಅಧ್ಯಕ್ಷರಿಗೆ ನಾಟಿತು.

"ಬೀಗ ಏನು, ಗೆದ್ರೆ ಆ ಶೀಲ್ಡೂ ನಿಂದೇ ತಗೋ!"

ಮೊದಲ ಸುತ್ತು ಅಧ್ಯಕ್ಷರು ಮದುವೆಗಂಡಿನ ಹಾಗೆ ಎದೆ ಉಬ್ಬಿಸಿಕೊಂಡು ಮುಂದಿದ್ದರು. ಎರಡನೆಯದರಲ್ಲಿ ಚಪ್ಪಲಿ ಹೂತು ಒಂದು ಕಾಲಿನದು ಹಿಂದೆಯೇ ಉಳಿಯಿತು. ಮೂರನೆಯದರಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತುಬಿಟ್ಟರು. ಹಗ್ಗ ಹೊಸೆಯುವ ಅದೇ ಹದದಲ್ಲಿ, ಅವಸರವಿಲ್ಲದೆ ಬಂದ ಲಕ್ಷ್ಮಕ್ಕ ಪಕ್ಕದಲ್ಲೇ ಹಾದುಹೋದಳು.

"ಉಸ್ರು ಬುಡಬ್ಯಾಡಿ ಅಯ್ಯನೋರೇ, ಕಬಡ್ಡಿ ಕಬಡ್ಡಿ ಅನ್ನಿ!"

"ಔಟ್!" ಎಂದು ಇನಾಯತುಲ್ಲಾ ಕೂಗಿದ. ಅವತ್ತು ನಾನು ಹೊಡೆದ ಸಿಳ್ಳೆಗೆ ತೋಟದ ಗಿಳಿಗಳೆಲ್ಲ ಎದ್ದು ಹಾರಿದವು.

ಬೀಗ ಬೀಳಲಿಲ್ಲ. ವರ್ಷಕ್ಕೊಮ್ಮೆ ಯಾರೂ ಕೇಳದಿದ್ದರೂ ನಾನೇ ಎರಡು ಲೋಡು ಪುಡಿ ಹೊಡೆಯುತ್ತೇನೆ. ದೊಡ್ಡ ಆಟದಿಂದ ಊರಿನ ಆರೋಗ್ಯ ಸುಧಾರಿಸುತ್ತದೆ ಎಂದಿದ್ದರಲ್ಲ, ಸುಧಾರಿಸಿತು, ಆಟ ನಿಂತ ಮೇಲೆ. ಈಗ ಅಧ್ಯಕ್ಷರೂ ಅಲ್ಲೇ ನಡೆಯುತ್ತಾರೆ, ಮೈದಾನದ ಮೇಲ್ವಿಚಾರಣೆ ಎಂಬ ನೆಪದಲ್ಲಿ. ಲಕ್ಷ್ಮಕ್ಕ ಈಗಲೂ ಯಾರ ಕೈಯನ್ನೂ ಹಿಡಿಯದೆ ಶೆಟ್ಟಿಕೆರೆಯ ಬಸ್ಸು ಹತ್ತುತ್ತಾಳೆ. ಬಸ್ಸಿಗೆ ಹೋಗುವಾಗ ಅಧ್ಯಕ್ಷರ ಮನೆಯ ಮುಂದೆ ನಿಂತು ಒಂದು ಕೂಗು ಹಾಕುವುದನ್ನು ಮಾತ್ರ ಬಿಟ್ಟಿಲ್ಲ.

"ಅಯ್ಯನೋರೇ, ನನ್ನ ಶೀಲ್ಡು?"

"ಪಾಲೀಶಿಗೆ ಕೊಟ್ಟೀನಿ ಕಣವ್ವ, ಬರ್ತೈತೆ."

ಶೀಲ್ಡು ಅವರ ಅಟ್ಟದಲ್ಲಿ ಕೊಬ್ಬರಿಯ ಜೊತೆ ಒಣಗುತ್ತಿದೆ. ಕಾಯಿ ಸುರಿಯಲು ಹೋದಾಗ ನಾನೇ ಕಣ್ಣಾರೆ ನೋಡಿದ್ದೇನೆ. ಆಮೇಲೆ ಎಷ್ಟು ಸಲ ಅಟ್ಟದಿಂದ ಕೊಬ್ಬರಿ ಇಳಿಯಿತು, ಶೀಲ್ಡು ಇಳಿಯಲಿಲ್ಲ.