ಕಂದಕ ಎಲ್ಲಿದೆ ತೋರಿಸಿ

ನಗರಸಭೆಯಲ್ಲಿ ಹೊಸ ಕಟ್ಟಡಗಳ ಹೆಸರು ನೋಂದಾಯಿಸುವ ಗುಮಾಸ್ತರ ಮೇಜಿನ ಮುಂದೆ ನಿಂತು 'ಕೋಟೆ' ಎಂದವರು ಯಾರೂ ಬೈಸಿಕೊಳ್ಳದೆ ಹೊರಗೆ ಬಂದಿಲ್ಲ. ಮೊನ್ನೆ ನಾಲ್ಕು ಮಹಡಿ ಎಬ್ಬಿಸಿದ ಕಂಟ್ರಾಕ್ಟರನೊಬ್ಬ ಅದಕ್ಕೆ 'ಹೊನ್ನಕೋಟೆ' ಎಂದು ಬರೆದುಕೊಂಡು ಬಂದ. "ಕಂದಕ ಎಲ್ಲಿದೆ ತೋರಿಸಿ," ಎಂದರು ಗುಮಾಸ್ತರು, ಕನ್ನಡಕವನ್ನು ಹಣೆಗೇರಿಸಿ. "ಕೊತ್ತಳ ಎಲ್ಲಿ? ಕಾವಲಿನವನು ನಿಲ್ಲೋದಕ್ಕೆ ಮೂಲೆ ಮೂಲೇಲಿ ಗುಂಡಗೆ ಕಟ್ತಾರಲ್ಲ, ಅದು. ಬಾಲ್ಕನೀಲಿ ಬಟ್ಟೆ ಒಣಗಿಸಿದ್ರೆ ಕೋಟೆ ಆಗಲ್ಲ." ಅರ್ಜಿ ಮೂರನೇ ಸಲ ವಾಪಸ್ಸಾಯಿತು. 'ಪೇಟೆ' ಎಂದು ಹೆಸರಿಡಲು ಬಂದ ಶಾಪಿಂಗ್ ಮಾಲ್‌ನವರಿಗೆ, ಪೇಟೆಯೆಂದರೆ ಕೋಟೆಯ ಹೊರಗೆ ಬಿಸಿಲಲ್ಲಿ ವ್ಯಾಪಾರ ಮಾಡಿ ಬೆಳೆದ ಊರು, ಏಸಿಯಲ್ಲಿ ಕೂತವರದಲ್ಲ ಎಂದು ಗದರಿದರು. 'ಪಾಳ್ಯ' ಎಂದವರಿಗೆ, ನಿಮ್ಮ ಸೈಟಿನಲ್ಲಿ ದಂಡು ಡೇರೆ ಹಾಕಿದ್ದು ಯಾವಾಗ ಎಂದು ಕೇಳಿದರು. ಗುಮಾಸ್ತರ ಮನೆಯಲ್ಲೂ ಅದೇ ಉರಿ. ತಮ್ಮನ ಜೊತೆ ಕಿತ್ತಾಡಿ ಮನೆ ಪಾಲಾದಾಗ ಹಿತ್ತಿಲಿಗೆ ಅಡ್ಡಲಾಗಿ ಎರಡಾಳೆತ್ತರದ ಗೋಡೆ ಹಾಕಿಸಿದವರು ಇವರೇ. ಅದರ ನಡುವೆ ಪುಟ್ಟ ಬಾಗಿಲು ಯಾಕೆ ಬಿಡಿಸಿದಿರಿ ಎಂದು ಹೆಂಡತಿ ಕೇಳಿದ್ದಕ್ಕೆ ಸಿಡಿದರು: "ಬರೀ ಬಾಗಿಲಲ್ಲ ಕಣೇ, ದಿಡ್ಡಿ. ಹೆಬ್ಬಾಗಿಲು ಹಾಕಿದ ಮೇಲೂ ನಮ್ಮೋರು ಯಾರಾದ್ರೂ ಬಂದ್ರೆ ಅಂತ ಕೋಟೇಲಿ ಬಿಡ್ತಿದ್ರು." ಇವರ ಕಡೆಯ ಚಿಲಕ ಒಂದು ದಿನವೂ ಬಿದ್ದಿಲ್ಲ. ಗೋಡೆ ಎದ್ದ ವಾರಕ್ಕೇ ಆ ಕಡೆಯಿಂದ ತಮ್ಮನು ಹಲಗೆ ಅಡ್ಡವಿಟ್ಟು ಮೊಳೆ ಹೊಡೆದ. ಒಂದೊಂದು ಏಟೂ ಇವರಿಗೆ ಕೇಳಿಸಿತು. ಈಗಲೂ ಪ್ರತಿ ಭಾನುವಾರ ಆ ದಿಡ್ಡಿಯ ಕೀಲುಗಳಿಗೆ ಎಣ್ಣೆ ಬಿಡುತ್ತಾರೆ, ಸೋಮವಾರ ಹೋಗಿ ಇನ್ನೊಬ್ಬರ ಕೋಟೆ ಕೆಡವುತ್ತಾರೆ.