ಸಾಕ್ಷಿಯ ಹೊತ್ತಿನಲ್ಲಿ ಎತ್ತಿದ ಬೆರಳು

ಪ್ರೇಮಾ, ನಿಮ್ಮವ್ವ ಸಾಯುವ ಮೊದಲು ನಿನ್ನನ್ನು ಕ್ಷಮಿಸಿದ್ದರೆಂದು ನಾನು ಹೇಳಿದ್ದು ಸುಳ್ಳು. ಅವರ ಸಮಾಧಿಯ ಬಳಿ, ಕೈಯಲ್ಲಿ ಸತ್ಯವೇದ ಹಿಡಿದುಕೊಂಡೇ ಆ ಸುಳ್ಳು ಹೇಳಿದೆ.

ಆಗಲೂ ಈಗಿನಂತೆ ನಾಲ್ಕು ಊರಿನ ಸಭೆಗಳಿಗೆ ನಾನೊಬ್ಬನೇ ಪಾಸ್ಟರ್. ಶನಿವಾರ ಜಗಳೂರು, ಭಾನುವಾರ ಬೆಳಿಗ್ಗೆ ಚನ್ನಗಿರಿ, ಮಧ್ಯಾಹ್ನ ನಿಮ್ಮ ಹೊನ್ನಾಳಿ, ಸಂಜೆ ನ್ಯಾಮತಿ. ಹಾಡು ಇಷ್ಟು ಹೊತ್ತು, ಪ್ರಸಂಗ ಇಷ್ಟು ಹೊತ್ತು ಎಂದು ಎಲ್ಲಕ್ಕೂ ಅಳತೆ. "ನಮ್ಮ ಪಾಸ್ಟ್ರನ್ನ ನೋಡಿ ಗಡಿಯಾರಕ್ಕೆ ಟೈಮ್ ಇಡಬೌದು" ಎಂದು ಜನ ನಗೆಯಾಡುತ್ತಿದ್ದರು. ನಾನು ಒಳಗೊಳಗೇ ಉಬ್ಬುತ್ತಿದ್ದೆ. ಅಳತೆಗೆ ಸಿಗದಿದ್ದದ್ದು ಒಂದೇ — ಸಾಕ್ಷಿ ಹೇಳುವ ಹೊತ್ತು. ದೇವರು ಮಾಡಿದ ಉಪಕಾರ ಹೇಳಲು ಎದ್ದವರು ಎಮ್ಮೆ ಕರು ಹಾಕಿದ ಸುದ್ದಿಯವರೆಗೂ ಹೋಗುತ್ತಿದ್ದರು. ಅದಕ್ಕೊಂದು ಉಪಾಯ ಮಾಡಿಕೊಂಡಿದ್ದೆ. ನಾನು ಬೆರಳೆತ್ತಿದರೆ ಕೀಬೋರ್ಡಿನವನು ಹಾಡು ಶುರುಮಾಡಬೇಕು. ಸಭೆ ಚಪ್ಪಾಳೆ ತಟ್ಟುತ್ತದೆ, ನಿಂತವರು ಕೂರುತ್ತಾರೆ. ಯಾರಿಗೂ ಬೇಸರವಿಲ್ಲ — ಹಾಗೆಂದುಕೊಂಡಿದ್ದೆ.

ಆ ಭಾನುವಾರ ನಿಮ್ಮವ್ವ ಎದ್ದರು. ಸಭೆಯಲ್ಲಿ ಎಂದೂ ಬಾಯಿ ಬಿಟ್ಟವರಲ್ಲ. ನೀನು ಅವರ ಮಾತು ಮೀರಿ ಮದುವೆಯಾಗಿ ಹೋದಮೇಲಂತೂ ನಿನ್ನ ಹೆಸರನ್ನೇ ಎತ್ತಿರಲಿಲ್ಲ. ಸೆರಗಿನ ತುದಿ ಹಿಂಡುತ್ತಾ, "ನನ್ ಮಗಳ ವಿಚಾರ... ಒಂದು ಮಾತು ಹೇಳಾದೈತೆ" ಎಂದರು. ಮತ್ತೆ ಸುಮ್ಮನಾದರು. ಮಾತು ಹುಡುಕುತ್ತಿದ್ದರೋ, ಅಳು ನುಂಗುತ್ತಿದ್ದರೋ — ನಾನು ನೋಡಿದ್ದು ಗೋಡೆಯ ಗಡಿಯಾರವನ್ನು. ನ್ಯಾಮತಿಯ ಬಸ್ಸು ತಪ್ಪಿಹೋದರೆ ಎಂದು... ಬೆರಳೆತ್ತಿದೆ.

"ಮುಂದಿನ ವಾರ ಹೇಳೀರಂತೆ ಬಿಡ್ರಿ, ಅಮ್ಮಾ."

ಅವರು ಕೂತರು. ಎಲ್ಲರ ಜೊತೆ ಚಪ್ಪಾಳೆಯನ್ನೂ ತಟ್ಟಿದರು. ನನಗೆ ಬಸ್ಸು ಸಿಕ್ಕಿತು.

ಮುಂದಿನ ವಾರ ಬರುವ ಮೊದಲೇ ಎದೆನೋವು ಬಂದು ತೀರಿಕೊಂಡರು. ಮಣ್ಣಿಗೆ ಬಂದ ನೀನು ನನ್ನ ಕೈ ಹಿಡಿದು ಕೇಳಿದೆ, "ಅವ್ವ ನನ್ ಬಗ್ಗೆ ಏನಾರ ಅಂದಿದ್ಲಾ, ಪಾಸ್ಟ್ರೇ?" ನಾನು ತಡಮಾಡಲಿಲ್ಲ. "ನಿನ್ನ ಕ್ಷಮಿಸೀನಿ ಅಂತ ನನ್ ಹತ್ರ ಅಂದಿದ್ರಮ್ಮಾ" ಎಂದೆ. ನಿನ್ನನ್ನು ಸಂತೈಸಲು ಹಾಗೆಂದೆ ಎಂದರೆ ಅದು ಇನ್ನೊಂದು ಸುಳ್ಳು. ಬೆರಳೆತ್ತಿದ್ದು ನಿನಗೆ ತಿಳಿಯದಿರಲೆಂದು ಹೇಳಿದೆ. ಸಭೆಯವರು ಆ ಗಳಿಗೆಯನ್ನು ಮರೆತೇಬಿಟ್ಟಿದ್ದರು.

ನೀನು ಸಭೆಗೆ ಮರಳಿ ಬಂದೆ. ವರ್ಷಗಳಿಂದ ನಿನ್ನ ಸಾಕ್ಷಿ ಒಂದೇ — "ನಮ್ಮವ್ವ ನನ್ನ ಕ್ಷಮಿಸಿ ಹೋದ್ಲು." ಎಲ್ಲರೂ ಆಮೆನ್ ಅನ್ನುತ್ತಾರೆ. ನಾನೂ ಅನ್ನುತ್ತೇನೆ. ಎಷ್ಟು ಹೊತ್ತು ಮಾತಾಡಿದರೂ ನಿನಗೆ ಮಾತ್ರ ಬೆರಳೆತ್ತಿಲ್ಲ. ನನ್ನ ದೊಡ್ಡ ಮನಸ್ಸು ಎಂದು ನೀನು ತಿಳಿದಿರಬೇಕು. ನನಗೆ ನಾಚಿಕೆಯಾಗುತ್ತದೆ.

ಈ ಭಾನುವಾರ ಸಾಕ್ಷಿಯ ಹೊತ್ತಿಗೆ ಮೊದಲು ನಾನೇ ಎದ್ದು ಇದನ್ನು ಹೇಳುತ್ತೇನೆ. ಎಲ್ಲರಿಗಿಂತ ಮುಂಚೆ ನಿನಗೆ ತಿಳಿಯಬೇಕು. ನಿನಗಿದ್ದ ಒಂದೇ ಸಮಾಧಾನವನ್ನೂ ಕಿತ್ತುಕೊಳ್ಳುತ್ತಿದ್ದೇನೆ — ಗೊತ್ತು. ಅವರು ನಿನ್ನನ್ನು ಕ್ಷಮಿಸಲು ಎದ್ದಿದ್ದರೋ, ಶಪಿಸಲು ಎದ್ದಿದ್ದರೋ, ನನಗೆ ಗೊತ್ತಿಲ್ಲ, ಪ್ರೇಮಾ. ಇನ್ನು ಯಾರಿಗೂ ಗೊತ್ತಾಗುವುದಿಲ್ಲ.