ಸಾಹೇಬರ ಪಂಪು, ಯಮನಪ್ಪಜ್ಜನ ಪ್ರಶ್ನೆ

ಎಂಬತ್ತರ ದಶಕದಲ್ಲಿ ನಾನು ಹುನಗುಂದದ ನೀರಾವರಿ ಆಫೀಸಿನಲ್ಲಿ ಗುಮಾಸ್ತನಾಗಿದ್ದೆ. ಇಂಗ್ಲಿಷ್ ಬರುತ್ತದೆ ಎಂಬ ಒಂದೇ ತಪ್ಪಿಗೆ, ಪಂಪಿನಿಂದ ನದಿ ನೀರೆತ್ತುವ ಏತ ನೀರಾವರಿಗೆ ಸಾಲ ಕೊಡಲು ಬಂದ ವಿದೇಶಿ ಸಾಹೇಬರ ಜೊತೆ ದುಭಾಷಿಯಾಗಿ ಒಂದು ಹಳ್ಳಿಗೆ ಹೋಗಬೇಕಾಯಿತು.

ಕುರಿ ಸಾಕಿದ್ದ ಯಮನಪ್ಪಜ್ಜ ಊರವರ ಪರವಾಗಿ ನನ್ನನ್ನು ಕೇಳಿದ: "ಪಂಪು ಯಾರ ದೇಶದ್ದರಿ?"

"ಅವರ ದೇಶದ್ದ."

"ಕೆಟ್ಟರ ರಿಪೇರಿ ಮಾಡವರು?"

"ಅವರೂ ಆ ದೇಶದವರ."

"ಹಂಗಾದರ ಇವರು ನಮಗ ಸಹಾಯ ಮಾಡಾಕ ಬಂದಿಲ್ಲ ಬಿಡ್ರಿ. ಇವರ ಫ್ಯಾಕ್ಟರಿಗೆ ನಾವ ಸಹಾಯ ಮಾಡಾಕತ್ತೇವಿ!"

ಮಂದಿ ಗೊಳ್ಳೆಂದು ನಕ್ಕರು. ಅಜ್ಜ ಏನೆಂದನೆಂದು ಸಾಹೇಬರು ಕೇಳಿದರು. ಪಕ್ಕದಲ್ಲಿ ನಮ್ಮ ಎಂಜಿನಿಯರು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದರು. "ನಿಮಗೆ ಚಹಾ ಬೇಕೇನು ಅಂತ ಕೇಳಿದ" ಎಂದೆ.

"ಚಹಾಕ್ಕೆ ಯಾರಾದರೂ ಇಷ್ಟು ನಗುತ್ತಾರೆಯೇ?"

ಸಿಕ್ಕಿಬಿದ್ದೆ. ಇದ್ದದ್ದನ್ನು ಹೇಳಿಬಿಟ್ಟೆ. ಸಾಹೇಬರು ದನಿ ತಗ್ಗಿಸಿ ಹೇಳಿದರು: "ಅವರು ಹೇಳಿದ್ದು ನಿಜ. ಆ ಫ್ಯಾಕ್ಟರಿ ಇರುವುದು ನಮ್ಮ ಮಂತ್ರಿಗಳ ಕ್ಷೇತ್ರದಲ್ಲಿ. ಅವರೂ ವೋಟು ಕೇಳಬೇಕಲ್ಲ."

ಇದನ್ನು ಮಾತ್ರ ಒಂದಕ್ಷರ ಬಿಡದೆ ಕನ್ನಡದಲ್ಲಿ ಹೇಳಿದೆ.

ಮರುವರ್ಷ ಆ ದೇಶದ ಚುನಾವಣೆಯಲ್ಲಿ ಮಂತ್ರಿ ಸೋತರು, ಸರ್ಕಾರ ಬದಲಾಯಿತು, ನಮ್ಮ ಸಾಲದ ಫೈಲು ಮುಚ್ಚಿತು. ಊರಿಗೆ ಸುದ್ದಿ ಮುಟ್ಟಿಸಲು ನನ್ನನ್ನೇ ಕಳಿಸಿದರು. ಬೈಗುಳ ಗ್ಯಾರಂಟಿ ಎಂದು ಅಂಜುತ್ತಲೇ ಹೋದೆ. ಯಮನಪ್ಪಜ್ಜ ಕಂಬಳಿ ಹಾಸಿ ಕೂಡಿಸಿ, ಎಲ್ಲ ಕೇಳಿಕೊಂಡು ಅಂದ:

"ಆ ಮಂತ್ರಿ ಸೋಲೂ ಹಂಗ ಇದ್ದರ ಮೊದಲ ಹೇಳಬಾರದೇನ್ರಿ? ಪ್ರಚಾರಕ್ಕ ನಮ್ಮೂರಿಂದ ನಾಕು ಮಂದಿ ಕಳಸ್ತಿದ್ವಿ."